ಎರಡು ಕಿವಿಯಷ್ಟು ವೈನು

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಕುಡಿಯದವನು ವೈನಿನ ಬಗ್ಗೆ ಬರೆಯುವುದು, ಈಜು ಬಾರದವನು ಮದಲೂರು ಕೆರೆಯ ಆಳ ಹೇಳಿದ ಹಾಗೆ. ಕುಡಿಯುವವರು ಓದಿ ನಗಬಹುದು, ಕುಡಿಯದವರು ನನ್ನನ್ನು ಅನುಮಾನಿಸಬಹುದು. ಆದರೂ ಹೇಳುತ್ತಿದ್ದೇನೆ. ಏಕೆಂದರೆ ಈ ಪ್ರಸಂಗ ಈಗ ಮಧುಗಿರಿಯಲ್ಲಿ ನಾಲ್ಕು ರೀತಿಯಲ್ಲಿ ಓಡಾಡುತ್ತಿದೆ, ಮತ್ತು ಅವುಗಳಲ್ಲಿ ಮೂರರಲ್ಲಿ ನಾನು ಮೋರಿಗೆ ಬಿದ್ದಿದ್ದೇನೆ. ನಾನು ಬೀಳಲಿಲ್ಲ. ಅಷ್ಟನ್ನಾದರೂ ದಾಖಲಿಸಬೇಕು.

ನನ್ನ ಹೆಸರು ಪರ್ವತಯ್ಯ. ಶಂಕರಲಿಂಗಪ್ಪನವರ ಹುಣಸೆಹಣ್ಣಿನ ಮಂಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಹಣ್ಣು ನೋಡುವ ಕೆಲಸ ಮಾಡುತ್ತೇನೆ. ನೋಡುವುದೆಂದರೆ ನಾಲಿಗೆಯಿಂದ. ಮೂಟೆಯೊಳಗೆ ಕೈಹಾಕಿ ಒಂದು ಎಳೆ ಕಿತ್ತು, ಬಾಯಲ್ಲಿ ಎರಡು ಸುತ್ತು ಹೊರಳಿಸಿ, ಪಕ್ಕದ ಬೂದಿ ಡಬ್ಬಕ್ಕೆ ಉಗಿದು, "ಇದು ಕ್ಯಾತಗಾನಚೆರ್ಲು ಕಡೆಯದು, ಹೋದ ವರ್ಷದ ಹಣ್ಣು ಬೆರೆತಿದೆ" ಎಂದು ಹೇಳುವುದು. ನುಂಗುವುದಿಲ್ಲ. ದಿನಕ್ಕೆ ಎಂಬತ್ತು ಮೂಟೆ ನುಂಗಿದ್ದರೆ ಈ ಕಥೆ ಹೇಳಲು ಹೊಟ್ಟೆಯೇ ಉಳಿಯುತ್ತಿರಲಿಲ್ಲ. ನನ್ನ ತೀರ್ಪಿನ ಬಗ್ಗೆ ನನಗೆ ಯಾವಾಗಲೂ ಅನುಮಾನವೇ. ಆದರೆ ಅದು ಇದುವರೆಗೆ ತಪ್ಪಿಲ್ಲ, ಅದೂ ನಿಜ.

ಮಾರ್ಚ್ ತಿಂಗಳಲ್ಲಿ ಮಂಡಿಗೆ ಒಬ್ಬ ಫ್ರೆಂಚ್ ವ್ಯಾಪಾರಿ ಬಂದ. ಹೆಸರು ಎತಿಯೆನ್. ಅವರ ದೇಶದಲ್ಲಿ ಯಾವುದೋ ಸಾಸ್ ಮಾಡಲು ಹುಣಸೆಹಣ್ಣು ಬೇಕಿತ್ತು. ನಾನು ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವನಾದ್ದರಿಂದ ಇಂಗ್ಲಿಷ್ ಮಾತಾಡಲು ನನ್ನನ್ನೇ ಮುಂದೆ ನಿಲ್ಲಿಸಿದರು. ಎತಿಯೆನ್ ನಾನು ಉಗಿಯುವುದನ್ನು ನೋಡಿ ಮೈಮರೆತ. ಒಬ್ಬ ಮನುಷ್ಯನ ಉಗುಳನ್ನು ಅಷ್ಟು ಗೌರವದಿಂದ ನೋಡಿದವರನ್ನು ನಾನು ಕಂಡಿಲ್ಲ.

"ನನ್ನ ತಾಯಿಯೂ ಹೀಗೇ," ಎಂದ. ದಕ್ಷಿಣ ಫ್ರಾನ್ಸಿನಲ್ಲಿ ಅವರಿಗೆ ದ್ರಾಕ್ಷಿ ತೋಟವಿದೆಯಂತೆ. ಅಲ್ಲೇ ಬಿಳಿ ವೈನ್ ಮಾಡುತ್ತಾರಂತೆ. ತಾಯಿ ಬಾಯಿಗೆ ಹಾಕಿಕೊಂಡು, ಹೊರಳಿಸಿ, ಉಗಿದು ಹೇಳುತ್ತಾರಂತೆ.

ಮರುದಿನ ಬೆಳಿಗ್ಗೆ ಒಂದು ಬಾಟಲಿ ತಂದು ನನ್ನ ಕೈಗಿಟ್ಟ. ಎಳೆಬಿಸಿಲಿನ ಬಣ್ಣ. ಪರಿಮಳಕ್ಕೆ ಹೆಸರಾದ ವೈನ್ ಅದು. ಜನ್ಮದಲ್ಲಿ ವೈನ್ ಕುಡಿಯದ ಒಂದು ಒಳ್ಳೆಯ ನಾಲಿಗೆ ಏನು ಹೇಳುತ್ತದೆಂದು ತಾಯಿಗೆ ತಿಳಿಯಬೇಕಂತೆ. "ನಾಳೆ ಬೆಳಿಗ್ಗೆ ಹೊರಡುತ್ತೇನೆ. ನಾಲ್ಕು ಸಾಲು ಬರೆದುಕೊಡಿ."

ಆಗಲೇ ಒಲ್ಲೆ ಎನ್ನಬೇಕಿತ್ತು. ಆದರೆ ಮಾಲೀಕರು ನಿಂತಿದ್ದರು, ಹಮಾಲರು ನಿಂತಿದ್ದರು, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನನ್ನ ನಾಲಿಗೆಗೆ ವಿದೇಶದಿಂದ ಕರೆ ಬಂದಿತ್ತು. ನಾನು ಇಂಗ್ಲಿಷಿನಲ್ಲಿ, "ಖಂಡಿತ ಸಾರ್, ವರದಿ ಸಲ್ಲಿಸುತ್ತೇನೆ" ಎಂದುಬಿಟ್ಟೆ.

"ಏನಂದೆ ಕಣಯ್ಯಾ?" ಎಂದರು ಶಂಕರಲಿಂಗಪ್ಪನವರು.

"ಕುಡಿಯದೆ ವರದಿ ಕೊಡುತ್ತೇನೆ ಅಂದೆ."

"ಅಂಗಂತ ಇಂಗ್ಲಿಷಲ್ಲಿ ಹೇಳ್ದಂಗೆ ಕೇಳ್ಸಲಿಲ್ಲ ಬುಡು."

ಕುಡಿಯದಿರಲು ನನಗೆ ಎರಡು ಕಾರಣಗಳಿದ್ದವು. ಮೊದಲನೆಯದು ಕೊರಳಲ್ಲಿದ್ದ ಲಿಂಗ. ಎರಡನೆಯದು ಮನೆಯಲ್ಲಿದ್ದ ಸರ್ವಮಂಗಳಾ.

ಸರ್ವಮಂಗಳಾ ನನ್ನ ಹೆಂಡತಿ, ನಮ್ಮ ಬೀದಿಯ ಮಹಿಳಾ ಸಂಘದ ಅಧ್ಯಕ್ಷೆ. ನಮ್ಮ ಬೀದಿಯ ಅಂಗನವಾಡಿಯ ಎದುರು, ಮೋರಿಯ ಆಚೆ, ಮುಖ್ಯರಸ್ತೆಯ ಪಕ್ಕ, ರೇಣುಕಪ್ರಸಾದ್ ಎಂಬಾತ ಹೊಸ ಕಟ್ಟಡ ಎಬ್ಬಿಸಿ 'ವೈನ್ಸ್' ತೆರೆಯಲು ಅರ್ಜಿ ಹಾಕಿದ್ದ. ನಮ್ಮ ಕಡೆ ವೈನ್ಸ್ ಎಂದು ಬೋರ್ಡಿರುವ ಅಂಗಡಿಯಲ್ಲಿ ವೈನ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಸಂಘದವರು ತಕರಾರು ಸಲ್ಲಿಸಿದ್ದರು. ಅಂಗಡಿ ನೂರು ಮೀಟರ್ ದೂರವಿರಬೇಕು ಎಂಬುದು ವಾದ. ಅಂಗನವಾಡಿ ಬಾಗಿಲಿಂದ ಮೋರಿಯ ಮೇಲೆ ನೆಟ್ಟಗೆ ಟೇಪ್ ಹಿಡಿದರೆ ಎಂಬತ್ತೆಂಟು ಮೀಟರ್. ರಸ್ತೆಯಲ್ಲಿ ಸೇತುವೆ ಸುತ್ತಿಕೊಂಡು ಹೋದರೆ ನೂರಾ ಮೂವತ್ತೊಂದು. ಯಾವುದನ್ನು ಹಿಡಿಯಬೇಕು ಎನ್ನುವುದೇ ಜಗಳ. ಅದನ್ನು ತೀರ್ಮಾನಿಸಲು ಅಬಕಾರಿ ಇನ್ಸ್‌ಪೆಕ್ಟರ್ ಅದೇ ದಿನ ಮಧ್ಯಾಹ್ನ ಮೂರಕ್ಕೆ ಸ್ಥಳಕ್ಕೆ ಬರುವವರಿದ್ದರು. ಎರಡು ವರ್ಷದ ಹೋರಾಟ. ಸಾಕ್ಷಿ ಸಹಿಗೆ ನಾನೂ ಇರಬೇಕಿತ್ತು.

ಅಂಥ ದಿನ ಅಧ್ಯಕ್ಷೆಯ ಗಂಡ ಬಾಯಲ್ಲಿ ವೈನ್ ಹೊರಳಿಸಿ ಉಗಿದು ಹೋದರೆ ಏನಾಗುತ್ತದೆಂದು ಯೋಚಿಸುವಷ್ಟು ಬುದ್ಧಿ ನನಗಿತ್ತು. ಆದ್ದರಿಂದ ಅರ್ಧ ದಿನ ರಜೆ ಹಾಕಿ, ಬಾಟಲಿಯನ್ನು ಬಟ್ಟೆ ಚೀಲಕ್ಕೆ ಸೇರಿಸಿ, ಶಿರಾ ಬಸ್ಸು ಹತ್ತಿದೆ.

ಶಿರಾದಲ್ಲಿ ನಿಯಾಜ್ ಅಹಮದ್ ಇದ್ದಾನೆ. ಸಂಜೆ ಕಾಲೇಜಿನಲ್ಲಿ ನನ್ನ ಪಕ್ಕದ ಬೆಂಚು. ಮುತ್ತಾತನ ಕಾಲದಿಂದ ಅವರದು ಅತ್ತರ್ ಅಂಗಡಿ. ಮೂಸಿ ನೋಡಿ ಗುಲಾಬಿ ಯಾವ ತಿಂಗಳು ಕೊಯ್ದದ್ದೆಂದು ಹೇಳುತ್ತಾನೆ. ಸುಳ್ಳೂ ಇರಬಹುದು, ಇದುವರೆಗೆ ಯಾರೂ ಪರೀಕ್ಷಿಸಿಲ್ಲ. ನನ್ನ ಲೆಕ್ಕ ಸರಳವಾಗಿತ್ತು. ವೈನಿನ ಹೆಚ್ಚುಗಾರಿಕೆ ಪರಿಮಳವೇ ಆದರೆ ನಾಲಿಗೆಗೆ ಏಕೆ ತೊಂದರೆ? ಮೂಗಿನಲ್ಲೇ ಮುಗಿಸಬಹುದು.

ಬಾಟಲಿ ಕಂಡ ನಿಯಾಜ್ ಮೊದಲು ತನ್ನ ಅಂಗಡಿಯ ಬೋರ್ಡ್ ನೋಡಿದ. 'ಆಲ್ಕೋಹಾಲ್ ಇಲ್ಲದ ಅಪ್ಪಟ ಅತ್ತರ್' ಎಂದು ಮೂರು ಲಿಪಿಗಳಲ್ಲಿ ಬರೆಸಿದ್ದಾನೆ.

"ತೌಬಾ. ಲೇ ಪರ್ವತ, ಮೂರು ತಾಲ್ಲೂಕಲ್ಲಿ ಇನ್ನಾರೂ ಸಿಗ್ಲಿಲ್ವಾ ನಿಂಗೆ? ನಾಳೆ ಜುಮ್ಮಾ. ಗಿರಾಕಿ ಬರೋ ದಿನ."

"ಮುಟ್ಟಬೇಡ. ಮೂಸಿದರೆ ಸಾಕು."

"ಮೂಸೋಕೆ ಅಂತಾನೇ ಕೂತ್ಕೊಂಡು ಮೂಸಿದ್ರೆ ಅದು ತಪ್ಪಲ್ವಾ?"

"ಬೀದೀಲಿ ಹೋಗುವಾಗ ಗಾಳೀಲಿ ಬಂದರೆ?"

ಅವನು ಗಡ್ಡ ನೀವಿಕೊಂಡು ಯೋಚಿಸಿದ. "ಗಾಳೀಲಿ ಬಂದ್ರೆ ಅದು ಗಾಳಿ ಜವಾಬ್ದಾರಿ," ಎಂದು ಟೇಬಲ್ ಫ್ಯಾನನ್ನು ನನ್ನ ಪಕ್ಕಕ್ಕೆ ತಂದು ತನ್ನ ಮುಖದ ಕಡೆಗೆ ತಿರುಗಿಸಿದ.

ಒಳಗಿನಿಂದ ಅವನ ಹೆಂಡತಿ ಗೌಹರ್, "ಕೌನ್ ಆಯಾ ಜೀ?" ಎಂದರು.

"ಪರ್ವತಯ್ಯ. ಹುಣಸೆಹಣ್ಣಿನ ವಿಷ್ಯ."

"ಚಾಯ್ ಕಳಿಸ್ಲಾ?"

"ಬ್ಯಾಡ. ಮೂಗು ಕೆಡುತ್ತೆ."

ಹುಣಸೆಹಣ್ಣಿಗೂ ಮೂಗಿಗೂ ಏನು ಸಂಬಂಧವೆಂದು ಅವರು ಕೇಳಲಿಲ್ಲ. ಒಳ್ಳೆಯ ಮನೆತನ.

ಮುಚ್ಚಳ ತೆಗೆಯುವುದೇ ದೊಡ್ಡ ಕಷ್ಟವಾಯಿತು. ಬಾಟಲಿಯ ಕತ್ತಿನೊಳಗೆ ಕಾರ್ಕಿನ ಬಿರಟೆ ಹೊಡೆದಿದ್ದರು. ಅದನ್ನು ಕೀಳುವ ಸಾಧನ ನಮ್ಮಿಬ್ಬರ ವಂಶದಲ್ಲೇ ಯಾರ ಬಳಿಯೂ ಇರಲಿಲ್ಲ. ಆದರೆ ಅತ್ತರ್ ಅಂಗಡಿಯವರು ದೊಡ್ಡ ಬಾಟಲಿಯಿಂದ ಪುಟ್ಟ ಸೀಸೆಗೆ ತುಂಬುವುದು ಸಿರಿಂಜಿನಿಂದ. ನಿಯಾಜ್ ಎರಡೂ ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು, ಉದ್ದನೆಯ ಸೂಜಿಯನ್ನು ಬಿರಟೆಯೊಳಗೆ ಇಳಿಸಿ, ದನದ ಡಾಕ್ಟರ ಗಾಂಭೀರ್ಯದಿಂದ ಒಂದು ಸಿರಿಂಜ್ ವೈನ್ ಎಳೆದ. ಹತ್ತಿಯ ಉಂಡೆ ಮಾಡಿ ಅದರ ಮೇಲೆ ಬಿಟ್ಟ. ಚಿಮಟದಲ್ಲಿ ಹಿಡಿದು ಫ್ಯಾನಿನ ಮುಂದೆ ಆಡಿಸಿದ.

ಅವನ ಮುಖ ಬದಲಾಯಿತು.

"ಕ್ಯಾ ಬಾತ್ ಹೈ," ಎಂದ ಮೆಲ್ಲಗೆ. "ಮೇಲುಗಡೆ ಮೊಗ್ರಾ ಮಲ್ಲಿಗೆ. ಕೆಳಗೆ ಏನೋ ಹಣ್ಣು. ಅದ್ರ ಕೆಳಗೆ ಇನ್ನೊಂದು ಕೂತೈತೆ, ಅದು ಇನ್ನೂ ಎದ್ದಿಲ್ಲ."

ಇಲ್ಲಿ ಒಂದು ವಿಷಯವನ್ನು ಓದುಗರಿಗೆ ಈಗಲೇ ಹೇಳಿಬಿಡುವುದು ನ್ಯಾಯ, ನನಗೆ ಆಗ ತಿಳಿಯದಿದ್ದರೂ. ಅತ್ತರ್ ಅಂಗಡಿಯಲ್ಲಿ ಮೂಸಿದ ಹತ್ತಿ ಹೋಗುವುದು ಒಂದೇ ಜಾಗಕ್ಕೆ, ಗಿರಾಕಿಯ ಕಿವಿಗೆ. ಮೂವತ್ತು ವರ್ಷದ ಅಭ್ಯಾಸ ನಿಯಾಜನ ಕೈಗಿತ್ತು, ತಲೆಗೆ ಗೊತ್ತಾಗಲಿಲ್ಲ. ಮೊದಲ ಉಂಡೆಯನ್ನು ನನ್ನ ಬಲಗಿವಿಗೆ ಸಿಕ್ಕಿಸಿದ. ಎರಡನೇ ಉಂಡೆ ಮಾಡಿ, ಮೂಸಿ, ಎಡಗಿವಿಗೆ ಸಿಕ್ಕಿಸಿದ. ಅಂಗಡಿಯ ನೆಲಕ್ಕೆ ಒಂದು ಹನಿಯೂ ಬೀಳಬಾರದೆಂದು ಒಳಕ್ಕೇ ಒತ್ತಿದ. ನಾನು ಬರೆದುಕೊಳ್ಳುವ ಗಡಿಬಿಡಿಯಲ್ಲಿದ್ದೆ. ಮೂರು ಗಂಟೆಯ ಚಿಂತೆ ಬೇರೆ.

ಆಮೇಲೆ ಅವನು ಏನೋ ಹೇಳಿದ. ನನಗೆ ಅರ್ಧ ಕೇಳಿಸಲಿಲ್ಲ. 'ಹತ್ತಿ ಒಂದು ಗಂಟೆ ಅಲ್ಲಾಡಿಸ್ಬೇಡ, ಮೂರನೇ ವಾಸ್ನೆ ತಾನಾಗಿ ಏಳುತ್ತೆ' ಎಂದು ಹೇಳಿದ್ದನೆಂದು ನಂತರ ತಿಳಿಯಿತು. ಕಿವಿ ಮಂದವಾದದ್ದು ಬಿ.ಪಿ.ಯಿಂದ ಎಂದುಕೊಂಡೆ. ಗಾಬರಿಯಾದಾಗ ನನಗೆ ಬಿ.ಪಿ. ಏರುತ್ತದೆಂದು ಸರ್ವಮಂಗಳಾ ಯಾವಾಗಲೂ ಹೇಳುತ್ತಾಳೆ. ಬಾಟಲಿಯ ಚೀಲವನ್ನು ಮಗುವಿನ ಹಾಗೆ ಅಡ್ಡಲಾಗಿ ಎರಡೂ ಕೈಯಲ್ಲಿ ಎದೆಗಪ್ಪಿಕೊಂಡು ಮಧುಗಿರಿ ಬಸ್ಸು ಹತ್ತಿ ಕೂತೆ.

ಕಂಡಕ್ಟರ್ ಲಕ್ಷ್ಮಯ್ಯ ನಮ್ಮ ಬೀದಿಯವನೇ. ಬಂದು ಬಾಯಾಡಿಸಿದ.

"ಏನಂದೆ?" ಎಂದೆ. ಇಡೀ ಬಸ್ಸು ತಿರುಗಿ ನೋಡಿತು. ನಾನು ಕಿರುಚಿದ್ದೆನಂತೆ.

ಅವನು ಮತ್ತೆ ಬಾಯಾಡಿಸಿದ.

"ಜೋರಾಗಿ ಹೇಳಪ್ಪ. ತಲೆ ಗಿಂವ್ ಅಂತಿದೆ."

ಲಕ್ಷ್ಮಯ್ಯ ಬಗ್ಗಿದ, ಮೂಸಿದ, ನೆಟ್ಟಗೆ ನಿಂತ. ಅವನ ಮುಖದಲ್ಲಿ ಸಾವಿನ ಮನೆಗೆ ಬಂದವರ ಕಳೆಯಿತ್ತು. ಪಕ್ಕದಲ್ಲಿದ್ದ ಪಾವಗಡದ ಕಡೆಯ ಅಜ್ಜಿಯೊಬ್ಬಳು ಮೂಗಿಗೆ ಸೆರಗು ಹಿಡಿದು ಜಾಗ ಬದಲಿಸಿದಳು. ಬಿರಟೆಯಲ್ಲಿದ್ದ ಸೂಜಿಯ ತೂತಿನಿಂದ, ರಸ್ತೆಯ ಪ್ರತಿ ಗುಂಡಿಗೂ ಒಂದಿಷ್ಟು ವೈನ್ ಹೊರಬಂದು, ಚೀಲ ನೆನೆದು, ನನ್ನ ಪಂಚೆಯ ಮುಂಭಾಗವೂ ನೆನೆದಿತ್ತು. ನಾನು ಅದನ್ನು ಗಮನಿಸುವ ಮೊದಲು ಉಳಿದ ನಲವತ್ತು ಮಂದಿ ಗಮನಿಸಿದ್ದರು.

ಈ ಭಾಗದ ಮಾತುಕತೆ ನನಗೆ ಕೇಳಿಸಿದ್ದಲ್ಲ, ಆಮೇಲೆ ಲಕ್ಷ್ಮಯ್ಯ ಒಪ್ಪಿಸಿದ್ದು.

"ಇವ್ರು ಮಂಡಿ ಪರ್ವತಯ್ಯನೋರಲ್ವಾ? ಇಬೂತಿ ಹಚ್ಕೊಂಡು..."

"ಹೆಂಡ್ರು ಕುಡ್ಯೋರ ಮೇಲೆ ಕೇಸ್ ಹಾಕವ್ಳೆ, ಗಂಡ ಶಿರಾಗೋಗಿ ಹಾಕ್ಕೊಂಡು ಬಂದವ್ನೆ."

"ಪೆದ್ದಾಯನ ಪಾಪಂ," ಎಂದಳಂತೆ ಅಜ್ಜಿ ತೆಲುಗಿನಲ್ಲಿ, ಪಾಪ ಹಿರಿಯರು ಎಂಬರ್ಥದಲ್ಲಿ. "ಮನೇಲಿ ಎಷ್ಟು ಕಷ್ಟಮೋ ಏನೋ."

ಲಕ್ಷ್ಮಯ್ಯ ಒಳ್ಳೆಯ ಮನುಷ್ಯ. ಒಳ್ಳೆಯತನದಿಂದಲೇ ಸರ್ವಮಂಗಳಾಗೆ ಫೋನ್ ಮಾಡಿದ. ಅವಳ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ, ಮಹಿಳಾ ಸಂಘದಲ್ಲಿ ಗುಟ್ಟಿರಬಾರದೆಂದು. ಅಂಗನವಾಡಿಯ ಮುಂದೆ ಹದಿನೆಂಟು ಹೆಂಗಸರು, ಇನ್ಸ್‌ಪೆಕ್ಟರ್, ಬಂದೋಬಸ್ತಿನ ಪೇದೆ, ರೇಣುಕಪ್ರಸಾದ್ ಎಲ್ಲರೂ ನಿಂತಿದ್ದಾಗ ಫೋನು ಹೇಳಿತು:

"ಅಕ್ಕಾ, ಅಣ್ಣ ಸ್ವಲ್ಪ ಜಾಸ್ತಿ ಮಾಡ್ಕೊಂಡವ್ರೆ. ಯಾರಾದ್ರೂ ಬಂದು ಇಳಿಸ್ಕಳಿ."

ರೇಣುಕಪ್ರಸಾದ್ ನಗಲಿಲ್ಲವಂತೆ. ಅವನ ಮುಖವೇ ನಕ್ಕಿತಂತೆ.

ಬಸ್ಸು ನಿಲ್ಲುವುದು ಅವನ ಹೊಸ ಕಟ್ಟಡದ ಎದುರಿಗೇ. ಲಕ್ಷ್ಮಯ್ಯ ರಟ್ಟೆ ಹಿಡಿದು ಇಳಿಸಿದ. ಮೋರಿಯಾಚೆ ಜನ ನಿಂತಿರುವುದು ಕಂಡಿತು. ಸೇತುವೆಯ ಕಡೆಗೆ ಹೊರಟೆ. ಆ ಹೊತ್ತಿಗೆ ಅಲ್ಲಿ ಟೇಪ್ ಹಿಡಿದಿದ್ದ ಇನ್ಸ್‌ಪೆಕ್ಟರ್ ಮೂಗೆತ್ತಿ ಗಾಳಿ ಎಳೆದುಕೊಂಡರಂತೆ.

"ಏನಮ್ಮ ಇದು? ಏನೋ ಹಣ್ಣಿನ ವಾಸ್ನೆ. ಜೊತೆಗೆ ನಮ್ಮ ಇಲಾಖೆ ವಾಸ್ನೆ."

"ಅಗೋ ಸಾರ್," ಎಂದು ರೇಣುಕಪ್ರಸಾದ್ ಕೈ ತೋರಿಸಿದನಂತೆ. "ಅಧ್ಯಕ್ಷರ ಯಜಮಾನ್ರು ನನ್ ಬಿಲ್ಡಿಂಗ್ ಮುಂದೆ ಇಳೀತಾವ್ರೆ. ಅಲ್ಲಿಂದ ಇಲ್ಲಿಗಂಟ ಬತ್ತಾ ಐತೆ ನೋಡಿ."

ನಾನು ಸುತ್ತಿಕೊಂಡು ಅಂಗನವಾಡಿ ತಲುಪಿದಾಗ ಎಲ್ಲರ ಬಾಯಿಗಳೂ ಒಟ್ಟಿಗೆ ಆಡುತ್ತಿದ್ದವು, ಶಬ್ದವಿರಲಿಲ್ಲ. ಸರ್ವಮಂಗಳಾಳ ಬಾಯಿ ಮಾತ್ರ ಆಡುತ್ತಿರಲಿಲ್ಲ. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಅವಳು ಸುಮ್ಮನಿದ್ದದ್ದನ್ನು ಅದೇ ಮೊದಲು ನೋಡಿದ್ದು. ಕೈಯಲ್ಲಿ ತಕರಾರು ಫೈಲು ಇತ್ತು, ಅದರ ಅಂಚನ್ನು ಮಡಚಿ ಮಡಚಿ ಬಿಡಿಸುತ್ತಿದ್ದಳು. ನನಗೆ ನಿಜವಾಗಿ ಭಯವಾಯಿತು.

ಪೇದೆ ಒಂದು ಯಂತ್ರ ತಂದು ಬಾಯಿಗೆ ಹಿಡಿದ. ಊದಲು ಸನ್ನೆ ಮಾಡಿದ. ಸರ್ಕಾರಿ ಕೆಲಸವೆಂದು ಶ್ರದ್ಧೆಯಿಂದ ಊದಿದೆ. ಪೇದೆ ಯಂತ್ರ ನೋಡಿದ, ಕೊಡವಿದ, ಮತ್ತೆ ಹಿಡಿದ. ಊದಿದೆ. ಮೂರನೇ ಸಲ ಅವನೇ ಊದಿ ಪರೀಕ್ಷಿಸಿಕೊಂಡ. ಆಮೇಲೆ ಯಂತ್ರವನ್ನು ಇನ್ಸ್‌ಪೆಕ್ಟರಿಗೆ ತೋರಿಸಿದ. ಸೊನ್ನೆ. ಮೂಗು ಹೇಳುತ್ತಿದ್ದದ್ದು ಒಂದು, ಯಂತ್ರ ಹೇಳುತ್ತಿದ್ದದ್ದು ಇನ್ನೊಂದು. ಇನ್ಸ್‌ಪೆಕ್ಟರ್ ಇಂಥ ಕೇಸನ್ನು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲವಂತೆ.

ಆಗ ನನ್ನ ಅತ್ತೆ ಈಶ್ವರಮ್ಮ ಮುಂದೆ ಬಂದರು. ಎಪ್ಪತ್ತೆಂಟು ವರ್ಷ, ಎಂಟು ಮಕ್ಕಳನ್ನು ಸಾಕಿದವರು. ಮಾತು ಕೇಳದ ಮಗುವಿನ ಯಾವ ಅಂಗ ಮೊದಲು ನೋಡಬೇಕೆಂದು ಅವರಿಗೆ ಗೊತ್ತು. ನನ್ನ ತಲೆಯನ್ನು ಬಗ್ಗಿಸಿ, ಕಿರುಬೆರಳು ಹಾಕಿ, ಬಲಗಿವಿಯಿಂದ ಒಂದು, ಎಡಗಿವಿಯಿಂದ ಒಂದು ಉಂಡೆ ಎಳೆದರು.

ಲೋಕ ಒಮ್ಮೆಗೇ ವಾಪಸ್ಸು ಬಂತು. ಅದರ ಜೊತೆ ಬಂದ ಮೊದಲ ಮಾತು ಅತ್ತೆಯದು:

"ನಮ್ ಅಳಿಯಂದ್ರು ಬಾಯಾಗೆ ಕುಡೀಲಿಲ್ಲ ಕಣ್ರಮ್ಮ. ಕಿವೀಗೆ ಹುಯ್ಸ್ಕೊಂಡವ್ರೆ."

ನಾನು ನಡೆದದ್ದನ್ನೆಲ್ಲ ಹೇಳಿದೆ. ಫ್ರಾನ್ಸ್, ತಾಯಿ, ಉಗುಳು, ನಿಯಾಜ್, ಸಿರಿಂಜ್. ನಿಜವಾದದ್ದಕ್ಕೆ ಒಂದು ತೊಂದರೆಯಿದೆ, ಹೇಳುತ್ತಾ ಹೋದಂತೆ ಸುಳ್ಳಿನ ಹಾಗೆ ಕೇಳಿಸುತ್ತದೆ. ಆದರೆ ಅತ್ತೆ ಕೇಳುತ್ತಿರಲಿಲ್ಲ. ಹತ್ತಿಯನ್ನು ಮೂಗಿನ ಹತ್ತಿರ ಹಿಡಿದಿದ್ದರು.

"ಲೇ ಮಂಗಳಾ, ಇದು ಘಮ್ ಅಂತೈತಲ್ಲೇ. ಕರಬೂಜ ಹಣ್ಣು ಒಡ್ದಂಗೆ."

"ಕೊಡಿ ಅಜ್ಜಿ," ಎಂದು ಪಕ್ಕದವಳು ಇಸಿದುಕೊಂಡಳು. "ಕರಬೂಜ ಅಲ್ಲ. ದುಂಡುಮಲ್ಲಿಗೆ, ಬಿಸ್ಲಿಗೆ ಬಾಡಿದ್ದು."

"ಕಿತ್ತಳೆ ಸಿಪ್ಪೆ ಹಿಂಡ್ದಂಗೈತೆ ಕಣಕ್ಕ."

"ನಂಗೆ ಹೊಂಗೆ ಹೂವು. ಹೊಂಗೆ ಮರದ ಕೆಳಗೆ ಬೆಳಿಗ್ಗೆ ನಿಂತ್ರೆ ಇಂಗೇ ಬತ್ತದೆ."

ಮದ್ಯ ವಿರೋಧಿ ಮಹಿಳಾ ಸಂಘದ ಹದಿನೆಂಟು ಸದಸ್ಯೆಯರ ಕೈಯಲ್ಲಿ ಎರಡು ಉಂಡೆಗಳೂ ಒಂದು ಸುತ್ತು ಬಂದವು. ನಾನು ತಡೆಯಲಾಗದೆ ಜೇಬಿನಿಂದ ನೋಟ್‌ಬುಕ್ ತೆಗೆದು ಬರೆದುಕೊಳ್ಳತೊಡಗಿದೆ, ಹೆಸರಿನ ಮುಂದೆ ಪರಿಮಳ. ವರದಿ ಎಂದ ಮೇಲೆ ಕ್ರಮವಾಗಿರಬೇಕು. ಪೇದೆಯೂ ಮೂಸಿ, "ಸೀಬೆಹಣ್ಣು ಅಂತ ಬರ್ಕಳಿ ಸಾರ್," ಎಂದ.

ಇದನ್ನು ನೋಡಿ ರೇಣುಕಪ್ರಸಾದನಿಗೆ ಕೇಸು ಕೈ ತಪ್ಪುತ್ತಿದೆ ಅನಿಸಿರಬೇಕು.

"ಸಾಹೇಬ್ರೇ, ಕಿವಿಲಿರ್ಲಿ ಬಾಯಲ್ಲಿರ್ಲಿ, ಎಣ್ಣೆ ಎಣ್ಣೇನೇ. ತಕರಾರು ಹಾಕಿರೋರ ಮನೆಯೋರ ಕೈಯಾಗೇ ಬಾಟ್ಲಿ ಐತೆ. ಇವ್ರು ಬಸ್ಸಿಳ್ದಿದ್ದು ನನ್ ಬಿಲ್ಡಿಂಗ್ ಮುಂದೆ. ಇಳ್ದಿದ್ ತಕ್ಷಣ ಇಲ್ಲಿಗೆ ವಾಸ್ನೆ ಹೊಡೀತು. ನೀವೇ ಹೇಳುದ್ರಿ. ಮಹಜರ್‌ನಲ್ಲಿ ಬರ್ಕಳಿ. ನಾನು ಸಹಿ ಹಾಕ್ತೀನಿ."

"ಬರೀಲಾ?" ಎಂದರು ಇನ್ಸ್‌ಪೆಕ್ಟರ್.

"ಬರೀರಿ ಸಾರ್. ಇವ್ರು ಸೇತುವೆ ದಾಟೋಕೆ ಮುಂಚೇನೇ ಬಂತು ಅಂತ ಸೇರ್ಸಿ ಬರೀರಿ."

ಫೈಲಿನ ಅಂಚು ಮಡಚುತ್ತಿದ್ದ ಸರ್ವಮಂಗಳಾಳ ಕೈ ನಿಂತಿತು.

"ಬರ್ಕೊಳ್ಳಿ ಸಾರ್," ಎಂದಳು. ಜೋರಾಗಿ ಹೇಳಲಿಲ್ಲ. "ಒಂದಕ್ಷರಾನೂ ಬಿಡ್ಬೇಡಿ. ನಾನೂ ಸಹಿ ಹಾಕ್ತೀನಿ. ನಮ್ ಯಜಮಾನ್ರು ರಸ್ತೆ ಸುತ್ಕೊಂಡು ಬಂದ್ರು, ನೂರಾ ಮೂವತ್ತೊಂದು ಮೀಟರ್. ವಾಸ್ನೆ ರಸ್ತೆ ಸುತ್ಕೊಂಡು ಬಂತಾ? ಸೇತುವೆ ಹತ್ತಿತಾ? ಮೋರಿ ಮೇಲೆ ನೆಟ್ಟಗೆ ಬಂತು. ರೇಣುಕಪ್ರಸಾದ್ ಅವ್ರೇ ಸಾಕ್ಷಿ ಹೇಳ್ತಾವ್ರೆ. ಎರಡು ಉಂಡೆ ಹತ್ತಿ, ಒಂದು ಪಂಚೆ, ಅಷ್ಟಕ್ಕೇ ಹಿಂಗೆ. ನಾಳೆ ಒಂದಿಡೀ ಅಂಗ್ಡಿ ಇಟ್ರೆ, ಒಳಗೆ ಕೂತಿರೋ ಮಕ್ಳ ಮೂಗಿಗೆ ಎಷ್ಟು ಮೀಟರ್ ಅಂತ ನೀವೇ ಹೇಳಿ."

ಇನ್ಸ್‌ಪೆಕ್ಟರ್ ಮಹಜರಿನಲ್ಲಿ ಬರೆದುಕೊಂಡರು. ಒಳಗೆ ಮಕ್ಕಳು ಯಾವುದೋ ಪದ್ಯವನ್ನು ಆರು ಬೇರೆ ಬೇರೆ ಸಾಲಿನಿಂದ ಒಟ್ಟಿಗೆ ಹೇಳುತ್ತಿದ್ದವು.

"ನಾನಂಗೆ ಹೇಳಿದ್ದಲ್ಲ ಸಾರ್," ಎಂದ ರೇಣುಕಪ್ರಸಾದ್.

"ಬರ್ಕೊಂಡಾಯ್ತಲ್ಲಪ್ಪ," ಎಂದರು ಇನ್ಸ್‌ಪೆಕ್ಟರ್. "ನೀವೇ ಬರ್ಸಿದ್ದು." ರಸ್ತೆಯ ಟೇಪನ್ನು ಸುರುಳಿ ಸುತ್ತಿ ಪೇದೆಗೆ ಕೊಟ್ಟರು. ನೆಟ್ಟಗಿನ ಟೇಪನ್ನು ಮತ್ತೊಮ್ಮೆ ಹಿಡಿಸಿ ಓದಿದರು. ಎಂಬತ್ತೆಂಟು. ಕಾಗದಕ್ಕೆ ಇಳಿಸಿದರು. ಎರಡು ವಾರದಲ್ಲಿ ಅರ್ಜಿ ವಾಪಸ್ಸಾಯಿತು. ಈಗ ಆ ಕಟ್ಟಡದಲ್ಲಿ ರೇಣುಕಪ್ರಸಾದ್ ಸಿಮೆಂಟ್ ಮಾರುತ್ತಾನೆ. ಎದುರು ಸಿಕ್ಕಿದರೆ ನಗುತ್ತಾನೆ, ಆದರೆ ಸ್ವಲ್ಪ ದೂರ ನಿಂತು.

ಬಾಟಲಿಯಲ್ಲಿ ಮುಕ್ಕಾಲು ಪಾಲು ಉಳಿದಿತ್ತು. ಅತ್ತೆ ಅದನ್ನು ಇಸಿದುಕೊಂಡು, ಅಂಗನವಾಡಿ ಅಡುಗೆಮನೆಯ ಸೌಟಿನ ಹಿಡಿಯಿಂದ ಬಿರಟೆಯನ್ನು ಒಳಕ್ಕೆ ತಳ್ಳಿ, ಎಲ್ಲರೆದುರು ಮೋರಿಗೆ ಸುರಿದರು. ಆ ಸಂಜೆ ನಮ್ಮ ಮೋರಿ ಹುಟ್ಟಿದಾಗಿನಿಂದ ಬಂದಿರದಂಥ ಪರಿಮಳ ಬೀರಿತು. ಮಾತಾಡಿಸದೆ ಮನೆಗೆ ನಡೆದ ಸರ್ವಮಂಗಳಾ ಊಟಕ್ಕೆ ಬಡಿಸುವಾಗ ಮಾತ್ರ, "ಮುಂದಿನ ಸಲ ವರದಿ ಕೊಡೋವಾಗ ಮೊದ್ಲು ಸಂಘಕ್ಕೆ ತಿಳ್ಸಿ," ಎಂದಳು. ಅದು ಕ್ಷಮೆ ಎಂದು ನಾನು ತಿಳಿದುಕೊಂಡಿದ್ದೇನೆ.

ಮರುದಿನ ಬೆಳಿಗ್ಗೆ ವರದಿ ಒಪ್ಪಿಸಿದೆ. ಹತ್ತೊಂಬತ್ತು ಸಾಲು, ಹತ್ತೊಂಬತ್ತು ಹೆಸರು, ಪೇದೆಯನ್ನೂ ಸೇರಿಸಿ. ನಿಯಾಜನ ಅಭಿಪ್ರಾಯಕ್ಕೆ ಬೇರೆ ಪ್ಯಾರಾ. ಕೊನೆಗೆ 'ರುಚಿ' ಎಂದು ಬರೆದು ಜಾಗ ಖಾಲಿ ಬಿಟ್ಟೆ. ಎತಿಯೆನ್ ಓದಿ, ನನ್ನ ಕೈಯನ್ನು ಬಹಳ ಹೊತ್ತು ಕುಲುಕಿದ.

ಎರಡು ತಿಂಗಳ ನಂತರ ಅವನ ತಾಯಿಯಿಂದ ಮಂಡಿಯ ಈಮೇಲಿಗೆ ಪತ್ರ ಬಂತು. ತಮ್ಮ ವೈನನ್ನು ಇಷ್ಟು ಜನ ಸೇರಿ, ಇಷ್ಟು ಶ್ರದ್ಧೆಯಿಂದ ಯಾರೂ ಪರೀಕ್ಷಿಸಿರಲಿಲ್ಲವಂತೆ. ಹೊಂಗೆ ಹೂವು ಹೇಗಿರುತ್ತದೆ, ಚಿತ್ರ ಕಳಿಸಿ ಎಂದಿದ್ದರು. ಕಳಿಸಿದೆ. ಕೊನೆಯಲ್ಲಿ ಒಂದೇ ಒಂದು ಪ್ರಶ್ನೆಯಿತ್ತು. ಪರಿಮಳವೆಲ್ಲ ಸರಿ, ಬಾಯಲ್ಲಿ ಅದು ಹೇಗಿತ್ತು, ಖಾಲಿ ಬಿಟ್ಟಿದ್ದೀರಲ್ಲ ಎಂದು.

ಆ ಪ್ರಶ್ನೆಗೆ ಇನ್ನೂ ಉತ್ತರ ಬರೆದಿಲ್ಲ. ಅದು ಸಿಹಿಯೋ, ಹುಳಿಯೋ, ಒಗರೋ, ನನಗೆ ಗೊತ್ತಿಲ್ಲ. ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ.